ಗಿಡಕ್ಕೆ ಗ್ರೋ ಲೈಟ್: ನೇರಳೆ ಪ್ಯಾನೆಲ್, ಕ್ಲಿಪ್ ಲೈಟ್, ಬಿಳಿ ಟ್ಯೂಬ್

ಮೊದಲೇ ಹೇಳಿಬಿಡುತ್ತೇನೆ, ಮನೆಯೊಳಗೆ ಬಿಸಿಲಿನ ಬದಲು ಗಿಡಕ್ಕೆ ಹಾಕುವ ದೀಪ, ಅಂದರೆ ಗ್ರೋ ಲೈಟ್ ವಿಷಯದಲ್ಲಿ ನನ್ನ ಓಟು ಮಾಮೂಲಿ ಬಿಳಿ ಎಲ್‌ಇಡಿ ಟ್ಯೂಬ್‌ಗೆ. ಗೋಡೆಗೆ ಹಾಕುವ ಅದೇ ನಾಲ್ಕು ಅಡಿಯ, 20 ವ್ಯಾಟ್‌ನ ಟ್ಯೂಬ್. ನೇರಳೆ ಬೆಳಕಿನ ಪ್ಯಾನೆಲ್, ಕಚ್ಚಿಸಿ ನಿಲ್ಲಿಸುವ ಪುಟ್ಟ ಕ್ಲಿಪ್ ಲೈಟ್ ಎರಡನ್ನೂ ಬಳಸಿ ನೋಡಿದ ಮೇಲೆ ಇಲ್ಲಿಗೆ ಬಂದು ನಿಂತಿದ್ದೇನೆ. ನಾನು ಬೆಳೆಸುವುದು ಪುದೀನ, ಲೆಟ್ಯೂಸ್, ಒಂದಿಷ್ಟು ಟೊಮೆಟೊ ಸಸಿ. ಶೆಲ್ಫ್ ಇರುವುದು ನಾನು ಕೂತು ಕೆಲಸ ಮಾಡುವ ಕೋಣೆಯಲ್ಲೇ. ನನ್ನ ತೀರ್ಪಿನಲ್ಲಿ ಅರ್ಧ ಪಾಲು ಇದರದ್ದೇ.

ನೇರಳೆ ಪ್ಯಾನೆಲ್‌ನಲ್ಲಿ ಗಿಡ ಬೆಳೆಯಲ್ಲ ಅಂತಲ್ಲ, ಚೆನ್ನಾಗಿಯೇ ಬೆಳೆಯುತ್ತದೆ. ಎಲೆಯ ಪತ್ರಹರಿತ್ತು ಜಾಸ್ತಿ ಹೀರಿಕೊಳ್ಳುವುದು ನೀಲಿ ಮತ್ತು ಕೆಂಪು ಬೆಳಕನ್ನು. ಅದಕ್ಕೇ ಆ ಎರಡು ಬಣ್ಣದ ಎಲ್‌ಇಡಿ ಜೋಡಿಸಿರುತ್ತಾರೆ. ತೊಂದರೆ ಇರುವುದು ನೋಡುವವರ ಕಣ್ಣಿಗೆ. ಆ ಬೆಳಕಲ್ಲಿ ಹಸಿರು ಎಲೆ ಕಪ್ಪಗೆ ಕಾಣುತ್ತದೆ, ಹಳದಿ ಎಲೆ ಗುಲಾಬಿಯಾಗಿ ಕಾಣುತ್ತದೆ. ಯಾವುದು ನೆಟ್ಟಗಿದೆ, ಯಾವುದು ಸೊರಗಿದೆ ಅಂತ ಗೊತ್ತೇ ಆಗುವುದಿಲ್ಲ.

ಪುದೀನಕ್ಕೆ ನುಸಿ ಹತ್ತಿದ್ದು ಹೀಗೆಯೇ ಕಣ್ತಪ್ಪಿತು. ನುಸಿ ಬಂದರೆ ಮೊದಲು ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಏಳುತ್ತವೆ. ಎಲೆ ಮಗುಚಿ ನೋಡಿದರೆ, ಧೂಳು ಅಂದುಕೊಂಡದ್ದು ನಿಧಾನಕ್ಕೆ ಹರಿದಾಡುತ್ತಿರುತ್ತದೆ. ತೊಟ್ಟಿನ ಸಂದಿಯಲ್ಲಿ ತೆಳ್ಳನೆ ಬಲೆ. ಬಿಳಿ ಬೆಳಕಲ್ಲಿ ಇದು ಹೋಗ್ತಾ ಬರ್ತಾ ಕಾಣುವ ವಿಷಯ. ನೇರಳೆ ಬೆಳಕಲ್ಲಿ ಚುಕ್ಕೆಯೂ ಇಲ್ಲ, ಬಲೆಯೂ ಇಲ್ಲ, ಎಲ್ಲ ಒಂದೇ ಬಣ್ಣ. ಕುಂಡವನ್ನು ಕಿಟಕಿ ಹತ್ತಿರ ತಂದಾಗ ಅರ್ಧ ಗಿಡ ಮುಗಿದಿತ್ತು.

ಆಮೇಲೆ ಪ್ರತಿ ಸಲ ಪ್ಯಾನೆಲ್ ಆರಿಸಿ, ಟಾರ್ಚ್ ಹಿಡಿದು ನೋಡುವ ಕೆಲಸ ಶುರುವಾಯಿತು. ಆ ನೇರಳೆ ಬೆಳಕಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೊರಗೆ ಬಂದರೆ ಕಣ್ಣಿಗೆ ಮನೆಯೆಲ್ಲ ಹಸಿರು ಹಸಿರು. ವಿಡಿಯೋ ಕಾಲ್‌ನಲ್ಲಂತೂ ‘ಏನ್ರೀ, ಡಿಸ್ಕೋ ಲೈಟ್ ಹಾಕಿದ್ದೀರಾ?’ ಅಂತ ಕೇಳಿಸಿಕೊಂಡಿದ್ದಾಯಿತು.

ಇಷ್ಟೆಲ್ಲ ಸಹಿಸಿಕೊಳ್ಳುವ ಅಗತ್ಯವೂ ಇಲ್ಲ. ಹಸಿರು ಬೆಳಕು ಗಿಡಕ್ಕೆ ದಂಡ ಅನ್ನುವ ಮಾತು ಪೂರ್ತಿ ನಿಜವಲ್ಲ. ಹಸಿರು ಬೆಳಕಲ್ಲೂ ಎಲೆ ಚೆನ್ನಾಗಿಯೇ ಆಹಾರ ತಯಾರಿಸುತ್ತದೆ ಅಂತ ಮೆಕ್‌ಕ್ರೀ ಎಂಬ ವಿಜ್ಞಾನಿ 1972ರಲ್ಲೇ ಹಲವು ಬೆಳೆಗಳ ಎಲೆ ಇಟ್ಟು ಅಳೆದು ತೋರಿಸಿದ್ದಾರೆ. ಬಿಳಿ ಎಲ್‌ಇಡಿ ಒಳಗಿರುವುದೂ ನೀಲಿ ಬೆಳಕು ಕೊಡುವ ಚಿಪ್, ಅದರ ಮೇಲೆ ಒಂದಿಷ್ಟು ನೀಲಿಯನ್ನು ಬೇರೆ ಬಣ್ಣಗಳಿಗೆ ತಿರುಗಿಸುವ ಹಳದಿ ಫಾಸ್ಫರ್ ಲೇಪ. ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಅದರಲ್ಲಿ ಬರುತ್ತವೆ.

ಇನ್ನು ವ್ಯಾಟ್. ನನ್ನ ಪ್ಯಾನೆಲ್ ಡಬ್ಬದ ಮೇಲೆ 1000 ಅಂತ ದಪ್ಪಕ್ಷರದಲ್ಲಿತ್ತು. ಪ್ಲಗ್ ಮೀಟರ್ ತೋರಿಸಿದ್ದು 100ರ ಆಸುಪಾಸು. ಫ್ಯಾನ್ ಸದ್ದು ಬೇರೆ.

ಕ್ಲಿಪ್ ಲೈಟ್ ಒಂದೇ ಕುಂಡ ಇಟ್ಟುಕೊಂಡವರಿಗೆ ಪರವಾಗಿಲ್ಲ. ಯುಎಸ್‌ಬಿಯ 5 ವೋಲ್ಟ್, 2 ಆಂಪಿಯರ್ ಅಂದರೆ 10 ವ್ಯಾಟ್, ಡಬ್ಬದ ಮೇಲೆ ಏನೇ ಬರೆದಿರಲಿ. ನನಗೆ ತಲೆ ಕೆಟ್ಟಿದ್ದು ಅದರ ಟೈಮರ್‌ನಿಂದ. ಕರೆಂಟ್ ಹೋಗಿ ಬಂದರೆ ಎಲ್ಲ ಮರೆತು ಸುಮ್ನೆ ಆರಿಕೊಂಡು ಕೂತಿರುತ್ತದೆ. ನಾವೇ ಹೋಗಿ ಬಟನ್ ಒತ್ತಬೇಕು, ಒತ್ತಿದ ಹೊತ್ತಿನಿಂದ ಲೆಕ್ಕ ಹೊಸದಾಗಿ ಶುರು. ಊರಿಗೆ ಹೋದರೆ ಗಿಡಕ್ಕೆ ಕತ್ತಲೆಯೇ ಗತಿ. ಟ್ಯೂಬ್‌ಗೆ ತಿರುಗುವ ಡಯಲ್ ಇರುವ ಪ್ಲಗ್ ಟೈಮರ್ ಹಾಕಿದ್ದೇನೆ. ಕರೆಂಟ್ ಹೋದಷ್ಟು ಹೊತ್ತು ಅದೂ ಹಿಂದೆ ಬೀಳುತ್ತದೆ ನಿಜ, ಆದರೆ ದೀಪ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತದೆ.

ಈಗ ಶೆಲ್ಫ್‌ನಲ್ಲಿ 6500 ಕೆಲ್ವಿನ್‌ನ, ಅಂದರೆ ತುಸು ನೀಲಿ ಛಾಯೆಯ ಬಿಳಿ ಬೆಳಕಿನ ಮೂರು ಟ್ಯೂಬ್ ಪಕ್ಕಪಕ್ಕ ಇವೆ, ಎಲೆಯಿಂದ ಒಂದು ಗೇಣು ಮೇಲೆ. ಸರಪಳಿಗೆ ನೇತುಹಾಕಿದ್ದರಿಂದ ಸಸಿ ಎದ್ದಂತೆ ಒಂದೊಂದು ಕೊಂಡಿ ಮೇಲೆ ಸರಿಸಬಹುದು. ಲಕ್ಸ್ ಮೀಟರ್ 10,000ದ ಹತ್ತಿರ ತೋರಿಸುತ್ತದೆ. ಬಿಳಿ ಎಲ್‌ಇಡಿಯಾದರೆ ಅದನ್ನು 70ರಿಂದ ಭಾಗಿಸಿದರೆ ಪಿಪಿಎಫ್‌ಡಿ, ಅಂದರೆ ಗಿಡ ಬಳಸಬಲ್ಲ ಬೆಳಕು ಎಲೆ ಮೇಲೆ ಎಷ್ಟು ಬೀಳುತ್ತದೆ ಅನ್ನುವ ಅಳತೆ, ಅಂದಾಜಿಗೆ ಸಿಗುತ್ತದೆ, ಇಲ್ಲಿ ಸುಮಾರು 140. ಸೊಪ್ಪಿಗೆ, ಸಸಿಗೆ ಇಷ್ಟಿದ್ದರೆ ನಡೆಯುತ್ತದೆ. ನೇರಳೆ ದೀಪಕ್ಕೆ ಈ ಲೆಕ್ಕ ಹಿಡಿಯಬೇಡಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ.

ದಿನಕ್ಕೆ 16 ಗಂಟೆ ಉರಿಸಿದರೂ ಮೂರೂ ಸೇರಿ ಒಂದು ಯೂನಿಟ್ ದಾಟುವುದಿಲ್ಲ. ಪ್ಯಾನೆಲ್‌ಗೆ ಒಂದೂವರೆ ಮೀರುತ್ತಿತ್ತು. ಟ್ಯೂಬ್‌ನ ಎರಡೂ ತುದಿಯಲ್ಲಿ ಬೆಳಕು ಕಮ್ಮಿ, ಆಗಾಗ ಕುಂಡ ಅದಲುಬದಲು ಮಾಡಬೇಕು.

ಟೊಮೆಟೊ ಹಣ್ಣಾಗುವವರೆಗೂ ಒಳಗೇ ಇರಬೇಕು ಅನ್ನುವವರಿಗೆ ಟ್ಯೂಬ್ ಸಾಲದು. ಅವರು ಯಾವ ಜಾಗಕ್ಕೆ ಎಷ್ಟು ಬೆಳಕು ಅಂತ ತೋರಿಸುವ ಪಿಪಿಎಫ್‌ಡಿ ನಕ್ಷೆ ಕೊಡುವ, ಚಪ್ಪಟೆ ಹಲಗೆಯಂಥ ಬಿಳಿ ಬೋರ್ಡ್ ಲೈಟ್ ನೋಡಲಿ. ಅದಕ್ಕೆ ಜೇಬು ಸ್ವಲ್ಪ ಗಟ್ಟಿ ಇರಬೇಕು. ನನ್ನ ಸಸಿಗಳು ನಾಲ್ಕೈದು ಎಲೆ ಬಿಟ್ಟ ಮೇಲೆ ಹೊರಗೆ ಬಿಸಿಲಿಗೆ ಹೋಗುತ್ತವೆ, ಹಾಗಾಗಿ ಆ ಖರ್ಚಿಗೆ ನಾನು ಕೈ ಹಾಕಿಲ್ಲ.