ಓದಲು ಬಾರದ ಹೆಸರಿನ ಪವರ್ ಬ್ಯಾಂಕ್ ಕೊಳ್ಳಬೇಡಿ: ನನಗೆ ಬಿದ್ದ ನಾಮ

ದಯವಿಟ್ಟು ಪೂರ್ತಿ ಓದಿ, ಆಮೇಲೆ ನಕ್ಕರೂ ಸರಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿ ಹಣ ಕೊಟ್ಟ ನಾನೇ, ಗಟ್ಟಿಯಾಗಿ ಓದಲೂ ಬಾರದ ಹೆಸರಿನ ಒಂದು ಪವರ್ ಬ್ಯಾಂಕಿಗೆ 749 ರೂಪಾಯಿ ಕೊಟ್ಟು ಮೋಸಹೋಗಿದ್ದೇನೆ. ಹಣ ಹೋದದ್ದಕ್ಕಿಂತ ಹೋದ ರೀತಿಗೆ ಹೊಟ್ಟೆ ಉರಿಯುತ್ತಿದೆ.

ಜಯನಗರ ನಾಲ್ಕನೇ ಬ್ಲಾಕಿನ ಪರಿಚಯದ ಅಂಗಡಿಯಲ್ಲಿ, ಎಲ್ಲರೂ ಬಲ್ಲ ಕಂಪನಿಯ 20,000 ಎಂಎಎಚ್ ಪವರ್ ಬ್ಯಾಂಕಿಗೆ 1,899 ರೂಪಾಯಿ ಹೇಳಿದ್ದರು. ‘ಆನ್‌ಲೈನ್‌ನಲ್ಲಿ ನೋಡುತ್ತೇನೆ’ ಎಂದು ಎದ್ದು ಬಂದೆ (ಆ ಅಂಗಡಿಯವರು ಓದುತ್ತಿದ್ದರೆ ಕ್ಷಮಿಸಬೇಕು). ಆ್ಯಪ್‌ನಲ್ಲಿ ಅಷ್ಟೇ ಸಾಮರ್ಥ್ಯದ್ದು 749ಕ್ಕೆ ಸಿಕ್ಕಿತು. ಹೆಸರೆಂದರೆ ಇಂಗ್ಲಿಷಿನ ಏಳು ದೊಡ್ಡ ಅಕ್ಷರಗಳು, ಅವುಗಳ ನಡುವೆ ಒಂದೇ ಒಂದು ಸ್ವರ. ‘ಅಪ್ಪ, ಇದು ಹೆಸರೋ ಪಾಸ್‌ವರ್ಡೋ?’ ಎಂದಳು ಮಗಳು. ‘ಹೆಸರು ಕಟ್ಟಿಕೊಂಡು ಏನಾಗಬೇಕು, ಚಾರ್ಜ್ ಆದರೆ ಸಾಕು’ ಎಂದೆ. ಪಾರ್ಸೆಲ್ ಬಂದ ದಿನ ಅದನ್ನು ಅಂಗೈಯಲ್ಲಿ ತೂಗಿ, ‘ಭಾರ ನೋಡು, ಮಾಲು ಗಟ್ಟಿಯಾಗಿದೆ’ ಎಂದು ಹೆಂಡತಿಯ ಮುಂದೆ ಹೊಗಳಿದ್ದೂ ನಾನೇ.

ಹನ್ನೆರಡನೆಯ ದಿನ ಹೊರನಾಡಿಗೆ ಹೊರಟಾಗ ಬಸ್ಸಿನಲ್ಲಿ ಮೊದಲ ಸಲ ಬಳಸಿದೆ. 5,000 ಎಂಎಎಚ್‌ನ ನನ್ನ ಫೋನನ್ನು ಅದು, ನಡುವೆ ಆಗುವ ನಷ್ಟವನ್ನೆಲ್ಲ ಕಳೆದರೂ, ಎರಡೂವರೆ ಸಲವಾದರೂ ತುಂಬಬೇಕಿತ್ತು. ಶೇ 20ರಿಂದ 43ಕ್ಕೆ ಏರಿಸಿ ಕಣ್ಣು ಮುಚ್ಚಿತು. ಊರಿಗೆ ಮರಳಿದ ಮೇಲೆ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಅಂಚಿಗೆ ತೆಳ್ಳನೆಯ ಪ್ಲಾಸ್ಟಿಕ್ ಚಕ್ಕೆಯೊಂದನ್ನು ತೂರಿಸಿ ಮುಚ್ಚಳ ಎಬ್ಬಿಸಿದ. ಒಳಗೆ ಏನೂ ಬರೆಯದ ನೀಲಿ ಹೊದಿಕೆಯ ಒಂದೇ ಒಂದು ಸೆಲ್ಲು ಇತ್ತು. ಉಳಿದ ಜಾಗದಲ್ಲಿ ತುಕ್ಕು ಹಿಡಿಯತೊಡಗಿದ್ದ ಎರಡು ಕಬ್ಬಿಣದ ಪಟ್ಟಿಗಳನ್ನು ಬಿಳಿ ಗೋಂದು ಸುರಿದು ಕೂರಿಸಿದ್ದರು. ಅಂಥ ಒಂದು ಸೆಲ್ಲಿನ ತೂಕ ಸುಮಾರು 45 ಗ್ರಾಂ, ಒಳ್ಳೆಯ ಕಂಪನಿಯದ್ದಾದರೂ 3,500 ಎಂಎಎಚ್ ಸುತ್ತಮುತ್ತಲೇ ಅದರ ಮಿತಿ, 20,000 ಆಗಬೇಕಾದರೆ ಕನಿಷ್ಠ ಆರಾದರೂ ಬೇಕು ಎಂದು ಅವನೇ ಲೆಕ್ಕ ಹೇಳಿದ. ‘ಸಾರ್, ನೀವು ಗುಜರಿ ಕಬ್ಬಿಣ ಕೊಂಡಿದ್ದೀರ’ ಎಂದು ನಕ್ಕ. ನಾನು ಅಂಗೈಯಲ್ಲಿ ತೂಗಿ ಹೊಗಳಿದ್ದ ಭಾರ ಇದು! ಕಬ್ಬಿಣವನ್ನು ಹೊಗಳಿದ್ದೆ.

ಮಾರಾಟಗಾರರಿಗೆ ಫೋಟೊ ಸಮೇತ ಬರೆದೆ. ‘ಪ್ರಿಯ ಗ್ರಾಹಕರೇ, ಸಾಮರ್ಥ್ಯವು ಬಳಕೆಯ ವಿಧಾನವನ್ನು ಅವಲಂಬಿಸಿರುತ್ತದೆ’ ಎಂಬ ಉತ್ತರ ಬಂತು. ಕಬ್ಬಿಣವನ್ನು ಯಾವ ವಿಧಾನದಲ್ಲಿ ಬಳಸಬೇಕೆಂದು ಕೇಳಿದೆ. ‘ಉತ್ಪನ್ನವನ್ನು ಬಿಚ್ಚಿರುವುದರಿಂದ ವಾರಂಟಿ ರದ್ದಾಗಿದೆ’ ಎಂದರು. ಬಿಚ್ಚದೆ ಕಬ್ಬಿಣ ಕಾಣುವುದಾದರೂ ಹೇಗೆ ಎಂದು ಬರೆದದ್ದಕ್ಕೆ ಮತ್ತೆ ಅದೇ ‘ಪ್ರಿಯ ಗ್ರಾಹಕರೇ’. ಆ್ಯಪ್‌ನ ಗ್ರಾಹಕ ಸೇವೆಗೆ ಫೋನ್ ಮಾಡಿದರೆ, ಆ ಹುಡುಗಿ ಮರ್ಯಾದೆಯಿಂದಲೇ ‘ಬ್ರ್ಯಾಂಡ್ ಹೆಸರು ಹೇಳಿ ಸರ್’ ಎಂದಳು. ನಾನು ಬಾಯಿ ತೆರೆದೆ, ಹೆಸರು ಹೊರಡಲಿಲ್ಲ. ‘ಎಕ್ಸ್ ಫಾರ್ ಎಕ್ಸ್‌ರೇ, ಝಡ್ ಫಾರ್ ಝೀಬ್ರಾ’ ಎಂದು ಒಂದೊಂದೇ ಅಕ್ಷರ ಬಿಡಿಸಿ ಒಪ್ಪಿಸುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ, ‘ರೀ, ಬೈಯೋಕಾದರೂ ಬರೋ ಹೆಸರಿಂದು ತಗೋಬಾರದಿತ್ತಾ?’ ಎಂದಳು. ಕೊನೆಗೆ ಸಿಕ್ಕ ಉತ್ತರ: ಹತ್ತು ದಿನಗಳ ವಾಪಸಾತಿ ಅವಧಿ ಮುಗಿದಿದೆ.

ಇಂಥ ಹೆಸರುಗಳು ಎಲ್ಲಿಂದ ಬರುತ್ತವೆ ಎಂದು ಸಿಟ್ಟಿನಲ್ಲೇ ಓದಿದೆ. ಅಮೆಜಾನ್ (ನಾನು ಕೊಂಡ ಆ್ಯಪ್‌ನ ಮಾತಲ್ಲ ಇದು) 2017ರಲ್ಲಿ ತನ್ನ ಬ್ರ್ಯಾಂಡ್ ನೋಂದಣಿ ವ್ಯವಸ್ಥೆಗೆ ನೋಂದಾಯಿತ ಟ್ರೇಡ್‌ಮಾರ್ಕ್ ಇರಬೇಕೆಂದಿತು. ಅರ್ಥವಿರುವ ಪದಗಳಿಗೆ ಈಗಾಗಲೇ ಯಾರಾದರೂ ಒಡೆಯರಿರುತ್ತಾರೆ. ಯಾವ ಭಾಷೆಯಲ್ಲೂ ಇಲ್ಲದ ಅಕ್ಷರಗಳ ಗೊಂಚಲಿಗೆ ತಕರಾರು ತೆಗೆಯುವವರು ಕಡಿಮೆ. ಹಾಗಾಗಿ ಮುಖ್ಯವಾಗಿ ಚೀನಾದ ಶೆನ್‌ಜೆನ್ ಕಡೆಯ ಮಾರಾಟಗಾರರಿಂದ ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಗೆ ಇಂಥ ಅರ್ಜಿಗಳು ರಾಶಿ ಬಿದ್ದವು. ಇಂಥ ಹೆಸರಿಟ್ಟವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ, ಆದರೆ ಯಾರ ನೆನಪಿನಲ್ಲೂ ಉಳಿಯದ ಹೆಸರನ್ನು ಕೆಟ್ಟ ಮೇಲೆ ಬಿಸಾಡುವುದು ಬಹಳ ಸುಲಭ. ನನಗೆ ಬಿದ್ದದ್ದು ಅಂಥ ಪಂಗನಾಮವೇ.

ಕೊಳ್ಳಲೇಬೇಕಾದರೆ, ತಯಾರಕರ ಅಥವಾ ಆಮದುದಾರರ ಪೂರ್ತಿ ವಿಳಾಸ ಮತ್ತು ತಯಾರಾದ ದೇಶದ ಹೆಸರು ಪುಟದಲ್ಲಿದೆಯೇ ನೋಡಿ. ನನ್ನ ಡಬ್ಬಿಯ ಮೇಲೆ ವಿಳಾಸವೆಂದು ಬರೀ ಒಂದು ಊರಿನ ಹೆಸರಿತ್ತು. ಪವರ್ ಬ್ಯಾಂಕಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಆರಂಭವಾಗುವ ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ನನ್ನದನ್ನು ಹಾಕಿದರೆ ಇನ್ಯಾವುದೋ ಕಂಪನಿಯ ಎಲ್‌ಇಡಿ ದೀಪ ಬಂತು. ಬಂದ ದಿನವೇ ಬಳಸಿ ಪರೀಕ್ಷಿಸಿ, ನನ್ನಂತೆ ಬೀರುವಿನಲ್ಲಿಟ್ಟು ಹೊರನಾಡಿಗೆ ಕಾಯಬೇಡಿ.

1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೇನೆ. ಅಲ್ಲಿಯೂ ‘ಎಕ್ಸ್ ಫಾರ್ ಎಕ್ಸ್‌ರೇ’ ಆಯಿತು. ಆ್ಯಪ್‌ನ ಕುಂದುಕೊರತೆ ಅಧಿಕಾರಿಗೂ ಬರೆದಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ತಲುಪಿದೆ ಎಂಬ ಮೇಲ್ ಮಾತ್ರ ಬಂದಿದೆ. ಈ ನಡುವೆ ನಾನು ಕೊಂಡ ಪುಟವೇ ಮಾಯವಾಗಿದೆ. ಆದರೆ ನಿನ್ನೆ ರಾತ್ರಿ ಅದೇ ಫೋಟೊ, ಪವರ್ ಬ್ಯಾಂಕ್ ಹಿಡಿದ ಹಸಿರು ಉಗುರುಬಣ್ಣದ ಅದೇ ಕೈ, ಇನ್ನೊಂದು ಏಳಕ್ಷರದ ಹೆಸರಿನಲ್ಲಿ 699 ರೂಪಾಯಿಗೆ ಕಾಣಿಸಿತು. ಆ ಹಸಿರು ಉಗುರು ಕಂಡರೆ ಕೊಳ್ಳಬೇಡಿ.