ಎರಡು ಲೀಟರಿನ ಟೇಬಲ್ ಟಾಪ್ ಗ್ರೈಂಡರ್: ಆರು ಜನರ ಮನೆಯ ಅನುಭವ

ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು ಸೇರಿ ಆರು ಜನರಿರುವ ನಮ್ಮ ಮನೆಯಲ್ಲಿ ಎರಡು ವರ್ಷಗಳಿಂದ ವಾರ ತಪ್ಪದೆ ಬಳಸುತ್ತಿರುವ 2 ಲೀಟರಿನ ಗ್ರೈಂಡರಿನ ವಿಚಾರವಿದು. ಕೊಯಮತ್ತೂರಿನ ತಯಾರಿಕೆ, ಅಲ್ಲಿನ ವೆಟ್ ಗ್ರೈಂಡರಿಗೆ 2005–06ರಲ್ಲಿಯೇ ಭೌಗೋಳಿಕ ಸೂಚಕದ (ಜಿಐ, ಆ ಊರಿನದೇ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ದೊರೆತಿದೆ.

ರುಬ್ಬುವ ಕೆಲಸದಲ್ಲಿ ಹೆಸರಿಡುವಂತಿಲ್ಲ. ಮಿಕ್ಸಿಯ ಬ್ಲೇಡು ಅತಿವೇಗದಿಂದ ತಿರುಗಿ ಹಿಟ್ಟನ್ನು ಬಿಸಿ ಮಾಡಿಬಿಡುತ್ತದೆ. ಇಲ್ಲಿ ಕಲ್ಲುಗಳು ನಿಧಾನವಾಗಿ ಉರುಳುವುದರಿಂದ ಉದ್ದು ತಣ್ಣಗಿದ್ದುಕೊಂಡೇ ಗಾಳಿ ತುಂಬಿಕೊಂಡು ಉಬ್ಬುತ್ತದೆ. ನೀರಿನ ಲೋಟಕ್ಕೆ ಒಂದು ಹನಿ ಹಿಟ್ಟು ಬಿಟ್ಟು, ಅದು ತೇಲಿದರೆ ಮಾತ್ರ ‘ಹದವಾಯಿತು’ ಎನ್ನುವುದು ಅತ್ತೆಯವರ ಪದ್ಧತಿ. ಮೂವತ್ತು ವರ್ಷ ಒರಳುಕಲ್ಲಿನ ಮುಂದೆ ಕುಳಿತ ಅವರ ಈ ಪರೀಕ್ಷೆಯಲ್ಲಿ ಯಂತ್ರ ಅರ್ಧ ಗಂಟೆಯಲ್ಲಿ ಗೆಲ್ಲುತ್ತದೆ.

ಒರಳಿನ ಹತ್ತಿರ ಎಂದೂ ಸುಳಿಯದ ಮಾವನವರು ಈಗ ಶನಿವಾರ ಸಂಜೆ ಕುರ್ಚಿ ಹಾಕಿಕೊಂಡು ಕುಳಿತು, ಅಂಚಿಗೆ ಹತ್ತಿದ ಹಿಟ್ಟನ್ನು ಮರದ ಸೌಟಿನಿಂದ ಒಳಗೆ ತಳ್ಳುತ್ತಾ, ‘ನಾನೇ ರುಬ್ಬಿದ್ದು’ ಎಂದು ಮೊಮ್ಮಕ್ಕಳಿಗೆ ಹೇಳುತ್ತಾರೆ. ತೊಳೆಯುವುದು ಮಾತ್ರ ಇನ್ನೂ ನನ್ನ ಪಾಲಿಗೇ. ಕಲ್ಲಿನ ತೂತಿನಲ್ಲಿ, ಪಾತ್ರೆಯ ನಡುಗಂಬದ ಬುಡದಲ್ಲಿ ಸೇರಿಕೊಂಡ ಹಿಟ್ಟು ಒಣಗಿದರೆ ಕಡ್ಡಿ ಹಾಕಿ ಕೆದಕಬೇಕು. ಕಲ್ಲು, ಹಿಟ್ಟುಗಳ ಸಮೇತ ಪಾತ್ರೆಯನ್ನು ಎತ್ತುವುದಂತೂ ಮಂಡಿನೋವಿರುವ ಅತ್ತೆಯವರಿಂದ ಆಗುವ ಮಾತಲ್ಲ.

ನನ್ನ ಮುಖ್ಯ ತಕರಾರು ಅಳತೆಯದು. ತಯಾರಕರು 2 ಲೀಟರೆಂದು ನಿಗದಿ ಮಾಡುವಾಗ ಗಂಡ, ಹೆಂಡತಿ, ಒಂದು ಮಗುವನ್ನಷ್ಟೇ ಎಣಿಸಿರಬೇಕು. ಪಕ್ಕದ ಮನೆಯವರು ಹಪ್ಪಳ ಹಾಕಿ ಕಳಿಸಿದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ. ಅದಕ್ಕೊಂದಿಷ್ಟು ದೋಸೆಹಿಟ್ಟು ಹೋಗಲೇಬೇಕು. ಭಾನುವಾರ ನಾದಿನಿಯ ಮನೆಯವರು ಬಂದರಂತೂ ಎರಡು ಸರದಿ ರುಬ್ಬಬೇಕು, ನಡುವೆ ಬಿಸಿಯಾದ ಮೋಟಾರಿಗೆ ವಿಶ್ರಾಂತಿ ಕೊಡಬೇಕು. ಹೀಗೆ ದುಡಿಸಿದ್ದಕ್ಕೋ ಏನೋ, ಕಳೆದ ವರ್ಷ ಬೆಲ್ಟ್ ಕಿತ್ತುಹೋಯಿತು. ಸೇವಾ ಕೇಂದ್ರದವರು ಹೊಸದನ್ನು ಹಾಕಿಕೊಡಲು ಮೂರು ವಾರ ತೆಗೆದುಕೊಂಡರು.

ಮೂರ್ನಾಲ್ಕು ಜನರ ಮನೆಗೆ ಇದನ್ನು ಧಾರಾಳವಾಗಿ ಕೊಳ್ಳಬಹುದು. ಹಿರಿಯರಿರುವ, ನೆಂಟರು ಬಂದುಹೋಗುವ ಮನೆಯಾದರೆ, ಹೆಚ್ಚು ಜಾಗ ಹಿಡಿದರೂ ಸರಿಯೆ, ಪಾತ್ರೆಯನ್ನು ಎತ್ತದೆ ಬಗ್ಗಿಸಿ ಹಿಟ್ಟು ಸುರಿದುಕೊಳ್ಳಬಹುದಾದ ದೊಡ್ಡ ಟಿಲ್ಟಿಂಗ್ ಮಾದರಿಯನ್ನೇ ನೋಡಿ.