ಅತ್ತೆಯವರ ಕಿವಿಗೆ ಒಗ್ಗಿದ ಫೋನಿನ ದನಿ

ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಆಂಡ್ರಾಯ್ಡ್ ಫೋನಿನ ‘ಟೆಕ್ಸ್ಟ್ ಟು ಸ್ಪೀಚ್’ ಸೌಲಭ್ಯವನ್ನು ನಮ್ಮ ಮನೆಯಲ್ಲಿ ಎಂಟು ತಿಂಗಳಿಂದ ಬಳಸುತ್ತಿದ್ದೇವೆ. ಕಣ್ಣು ಮಂಜಾಗಿ ಪತ್ರಿಕೆ ಓದುವುದನ್ನು ಬಿಡಬೇಕಾಗಿ ಬಂದ 76 ವರ್ಷದ ನಮ್ಮ ಅತ್ತೆಯವರೇ ಅದರ ಮುಖ್ಯ ಕೇಳುಗರಾದ್ದರಿಂದ, ಈ ವಿಮರ್ಶೆಯಲ್ಲಿ ಬೆರಳು ನನ್ನದಾದರೂ ಕಿವಿ ಅವರದು.

ಮೊದಲ ದಿನ ಸಂಪಾದಕೀಯವನ್ನು ಕೇಳಿಸಿದಾಗ ಅವರು, “ಇವಳ್ಯಾಕೆ ರೈಲು ತಪ್ಪಿಹೋಗತ್ತೆ ಅನ್ನೋ ಹಾಗೆ ಓದ್ತಾಳೆ?” ಎಂದರು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದೊಳಗೆ ಓದಿನ ವೇಗಕ್ಕೊಂದು, ದನಿಯ ಶ್ರುತಿಗೊಂದು, ಹೀಗೆ ಎರಡು ಸ್ಲೈಡರ್‌ಗಳಿವೆ. ಎಲ್ಲರಂತೆ ನಾನೂ ವೇಗವನ್ನು ಎಡತುದಿಯವರೆಗೆ ಎಳೆದೆ, ಅದು ಸರಿಹೋಗಲಿಲ್ಲ. ಪ್ರತ್ಯಯದ ಮೇಲೆ ಪ್ರತ್ಯಯ ಹತ್ತಿ ಬೆಳೆಯುವ ನಮ್ಮ ಪದಗಳನ್ನು ತೀರಾ ಎಳೆದರೆ, ‘ಮಾಡಬೇಕಾಗಿದ್ದುದರಿಂದ’ ಎಂಬುದರ ಬಾಲ ಬರುವಷ್ಟರಲ್ಲಿ ತಲೆ ಮರೆತಿರುತ್ತದೆ. “ಈಗ ಅವಳಿಗೆ ತೂಕಡಿಕೆ” ಎಂಬ ತೀರ್ಪೂ ಬಂತು. ವೇಗವನ್ನು ಮೊದಲಿದ್ದುದಕ್ಕಿಂತ ತುಸುವೇ ಇಳಿಸಿ, ಶ್ರುತಿಯನ್ನು ಚೆನ್ನಾಗಿ ತಗ್ಗಿಸಿದಾಗಲೇ ಅವರು ಮುಂದಕ್ಕೆ ಬಾಗಿ ಕೇಳುವುದನ್ನು ನಿಲ್ಲಿಸಿ ಗೋಡೆಗೆ ಒರಗಿ ಕುಳಿತದ್ದು. ವಯಸ್ಸಾದಂತೆ ತಾರಸ್ಥಾಯಿಯ ಶಬ್ದಗಳೇ ಮೊದಲು ಮಸುಕಾಗುವುದರಿಂದ, ತೆಳುದನಿಯನ್ನು ಎಷ್ಟು ಜೋರು ಮಾಡಿದರೂ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ.

ಅದೇ ಪುಟದಲ್ಲಿ ಓದುವ ಎಂಜಿನ್‌ನ, ಅಂದರೆ ಬರಹವನ್ನು ಮಾತಾಗಿಸುವ ತಂತ್ರಾಂಶದ, ಹೆಸರಿನ ಪಕ್ಕದಲ್ಲಿರುವ ಹಲ್ಲುಚಕ್ರದ ಚಿಹ್ನೆಯನ್ನು ಒತ್ತಿ, ಕನ್ನಡದ ಧ್ವನಿಗಳನ್ನು ಇಳಿಸಿಕೊಂಡು, ಒಂದೊಂದನ್ನೂ ಕೇಳಿ ಆರಿಸಬಹುದು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಓದು ನಿಲ್ಲುವುದಿಲ್ಲ. ಬೇರೆ ಎಂಜಿನ್‌ಗಳನ್ನೂ ಹಾಕಿಕೊಳ್ಳಬಹುದು. ಉಚಿತ, ಮುಕ್ತ ತಂತ್ರಾಂಶವಾದ ಇ-ಸ್ಪೀಕ್‌ಗೆ ಕನ್ನಡ ಗೊತ್ತು. ದನಿ ಯಾಂತ್ರಿಕವಾದರೂ ಅತಿ ವೇಗದಲ್ಲೂ ಅಕ್ಷರಗಳು ಕಲಸಿಹೋಗುವುದಿಲ್ಲವೆಂದು ದಿನವಿಡೀ ಕೇಳಿಯೇ ಕೆಲಸ ಮಾಡುವ ದೃಷ್ಟಿವಿಕಲರಲ್ಲಿ ಹಲವರು ಅದನ್ನು ಮೆಚ್ಚುತ್ತಾರೆ. ಅತ್ತೆಯವರಿಗೆ ಮಾತ್ರ ಮನುಷ್ಯರ ದನಿಯೇ ಬೇಕು.

ಓದಿಸಲು ನಾವು ‘ಸೆಲೆಕ್ಟ್ ಟು ಸ್ಪೀಕ್’ ಬಳಸುತ್ತೇವೆ. ಪರದೆಯ ಅಂಚಿನ ಗುಂಡಿಯನ್ನು ಒತ್ತಿ, ಬೇಕಾದ ಪ್ಯಾರಾವನ್ನು ಮುಟ್ಟಿದರೆ ಸಾಕು. ನಡುವೆ ಕುಕ್ಕರ್ ಕೂಗಿದರೆ ನಿಲ್ಲಿಸುವ, ಒಂದು ವಾಕ್ಯ ಹಿಂದಕ್ಕೆ ಹೋಗುವ ಗುಂಡಿಗಳೂ ಇರುವುದು ಈ ಸೌಲಭ್ಯದ ಅತ್ಯಂತ ಉಪಯುಕ್ತ ಅಂಶ. ಆದರೆ ಅವುಗಳ ಗಾತ್ರ ಸಣ್ಣದು, ಕಣ್ಣು ಕಾಣದವರಿಗಾಗಿ ಮಾಡಿದ ಗುಂಡಿಯನ್ನು ಹುಡುಕಿಕೊಡಲು ಕಣ್ಣು ಕಾಣುವವರು ಪಕ್ಕದಲ್ಲಿರಬೇಕಾಗುತ್ತದೆ.

ನಾವು ಆರಿಸಿದ ಧ್ವನಿಗೆ ಸಂಕ್ಷೇಪಗಳೆಂದರೆ ಆಗದು. ‘ಕಿ.ಮೀ.’ ಬಂದಲ್ಲಿ ವಾಕ್ಯವೇ ಮುಗಿದಂತೆ ನಿಲ್ಲುತ್ತದೆ, ಹತ್ತು ಅಂಕಿಗಳ ಫೋನ್ ನಂಬರನ್ನು ಕೋಟಿ, ಲಕ್ಷಗಳಲ್ಲಿ ಎಣಿಸುತ್ತದೆ. ಸಂಬಂಧಿಯೊಬ್ಬರ ನಂಬರನ್ನು ಹಾಗೆ ಕೇಳಿ, ಅದು ಯಾರಿಗೋ ಬಂದ ಸಾಲದ ನೋಟಿಸೆಂದು ಅತ್ತೆಯವರು ಗಾಬರಿಯಾಗಿದ್ದರು. ಇದಕ್ಕಾಗಿ ಒಂದು, ಗುಂಡಿಯ ಗಾತ್ರಕ್ಕಾಗಿ ಅರ್ಧ ಅಂಕ ಕಳೆದು, ಐದಕ್ಕೆ ಮೂರೂವರೆ ಕೊಡುತ್ತೇನೆ. ಅತ್ತೆಯವರು ನಾಲ್ಕು ಕೊಟ್ಟಿದ್ದಾರೆ.